ಅಮಾವಾಸ್ಯೆಯ ಮರುದಿನ

ಖಾನಾಪುರ
9 ಸೆಪ್ಟೆಂಬರ್ 1981

ಕುಮುದಿನಿ,

ಕ್ಷೇಮ ಸಮಾಚಾರದ ಸಾಲುಗಳನ್ನು ನೀನು ಓದದೆ ದಾಟಿಸುತ್ತೀಯೆಂದು ಹಾಸ್ಟೆಲಿನ ಕಾಲದಿಂದಲೂ ಗೊತ್ತು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಅತ್ತೆಯ ಗಲ್ಲದ ಬಾವು ಇಳಿದಿದೆ. ನೀನು ಹಲ್ಲು ಕೀಳಿಸಿ ಕಳಿಸಿದ ದಿನ ರೈಲಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡೇ ಡಬ್ಬಿಯವರಿಗೆಲ್ಲ, "ಡಾಕ್ಟರಬಾಯಿ ನಮ್ಮ ಸೊಸೀ ಗೆಳತಿ" ಎಂದು ಹೇಳಿಕೊಂಡು ಬಂದರು. ನೋವಿನಲ್ಲಿಯೂ ಅಷ್ಟು ಮಾತು ಹೇಗೆ ಬರುತ್ತದೋ.

ಕ್ಯಾಪ್ಸೂಲ್ ನುಂಗಿಸುವುದೇ ನನಗೆ ದೊಡ್ಡ ಕೆಲಸವಾಗಿತ್ತು. ಲಿಂಗಪೂಜೆ ಆಗುವವರೆಗೆ ಬಾಯಿಗೆ ನೀರೂ ಇಲ್ಲ. ಪೂಜೆಯಾದ ಮೇಲೆ, "ಪ್ಲಾಸ್ಟಿಕ್ ಡಬ್ಬ್ಯಾಗ ಪುಡಿ ತುಂಬಿದ್ರ ಅದು ಔಷಧ ಆಕ್ಕೈತೇನ?" ಎಂಬ ವಾದ. ನಾನು ಗದರಿಸಿ, ಎದುರಿಗೆ ನಿಂತು ನುಂಗಿಸಿದೆ. ನಿನ್ನೆಯಿಂದ ವಾದ ನಿಂತಿದೆ. ಕಾರಣ ಕೇಳಿದರೆ ನಗುತ್ತೀ. ಈ ಮನೆಯಲ್ಲಿ ಅಮಾವಾಸ್ಯೆಯ ಹೋಳಿಗೆ ಉಂಡ ಮರುದಿನ ಎಲ್ಲರೂ ಔಡಲೆಣ್ಣೆ ಕುಡಿದು ಹೊಟ್ಟೆ ತೊಳೆದುಕೊಳ್ಳಬೇಕು, ಅದು ಅತ್ತೆಯ ಕಾಯಿದೆ. ಮದುವೆಯಾಗಿ ಬಂದ ಮೊದಲ ತಿಂಗಳೇ ನನಗೂ ಕುಡಿಸಿದ್ದರು. ಈಗ ನಿನ್ನ ಕ್ಯಾಪ್ಸೂಲಿನಿಂದ ಎಣ್ಣೆಯಿಲ್ಲದೆಯೇ ಹೊಟ್ಟೆ ಹೋಗುತ್ತಿದೆ. "ನೋಡ ಕಾಂತಾ, ಇದು ಬ್ಯಾನಿ ಬುಡಾನ ಕಿತ್ತ ಒಗ್ಯಾಕ ಹತ್ತೈತಿ" ಎಂದು ಸಂತೋಷಪಟ್ಟರು. ಪಕ್ಕದ ಮನೆಯ ಸಂಗವ್ವನಿಗೂ ಕೂಗಿ ಹೇಳಿದರು.

ಇವರು ಲೋಂಡಾ ಸ್ಟೇಶನ್ನಿನಲ್ಲಿ ಡ್ಯೂಟಿ ಮುಗಿಸಿ ಬರುವುದು ಸಂಜೆಗೆ. ಅವರೂ ನಿನ್ನನ್ನು ನೆನೆದರು.

ಕಾಂತಾ

•

ಹಿಂದವಾಡಿ, ಬೆಳಗಾವಿ
12 ಸೆಪ್ಟೆಂಬರ್ 1981

ಕಾಂತಾ,

ನಿನ್ನ ಅತ್ತೆ ಕಾಶವ್ವನವರಿಗೆ ನನ್ನ ನಮಸ್ಕಾರ ಹೇಳು. ನನ್ನ ಔಷಧಕ್ಕೆ ಇಷ್ಟು ಪ್ರಚಾರ ಆಸ್ಪತ್ರೆಯವರೂ ಕೊಟ್ಟಿಲ್ಲ. ಅವರಿಗೆ ಹೊಟ್ಟೆ ತೊಳೆಯಬೇಕಿತ್ತು, ನನಗೆ ಗಲ್ಲದ ಕೀವು ಒಣಗಬೇಕಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು.

ಸ್ವಲ್ಪ ಹೊಟ್ಟೆ ಸಡಿಲಾಗುವುದು ಈ ಔಷಧದಲ್ಲಿ ಇದ್ದದ್ದೇ. ಅದಕ್ಕೆ ಹೆದರಿ ನಡುವೆ ಬಿಡಿಸಬೇಡ. ನಿಮ್ಮ ಊರಿನವರ ರೂಢಿ ನನಗೆ ಗೊತ್ತಿದೆ, ಬಾವು ಇಳಿದ ದಿನ ಔಷಧವೂ ಬಂದ್. ಉಳಿದದ್ದು ಗೋಡೆಯ ಗೂಡಿನ ಮೂಲೆಯಲ್ಲಿ, ಮುಂದಿನ ಬೇನೆ ಬರುವವರೆಗೆ. ಹಾಗೆ ಮಾಡಿದರೆ ಕೀವು ಮತ್ತೆ ಕಟ್ಟುತ್ತದೆ. ಕೊನೆಯ ಗುಳಿಗೆಯವರೆಗೂ ನುಂಗಿಸುವುದು ನಿನ್ನ ಜವಾಬ್ದಾರಿ, ಟೀಚರಬಾಯಿ.

ನಮ್ಮ ಆಯಿ ನಿನ್ನನ್ನು ದಸರೆಗೆ ಕರೆದಿದ್ದಾಳೆ. ಬಂದರೆ ಪುರಣಪೋಳಿ, ಬಾರದಿದ್ದರೆ ಬೈಗಳು.

ಕುಮುದಿನಿ

•

ಖಾನಾಪುರ
19 ಸೆಪ್ಟೆಂಬರ್ 1981
(ಕಾರ್ಡು)

ಕುಮುದಿನಿ,

ನೀನು ಹೇಳಿದಂತೆ ಗುಳಿಗೆಗಳೆಲ್ಲ ಮುಗಿದವು. ಗಲ್ಲ ಮೊದಲಿನಂತಾಗಿದೆ. ಆದರೆ ಮನೆಯಲ್ಲಿ ಬೇರೊಂದು ವಿಷಯ ನಡೆದಿದೆ, ಕಾರ್ಡಿನಲ್ಲಿ ಬರೆಯುವಂಥದ್ದಲ್ಲ. ನಮ್ಮ ಪೋಸ್ಟಿನ ಬೀರಣ್ಣ ಕಾರ್ಡು ಓದಿಯೇ ಕೊಡುವ ಮನುಷ್ಯ. ಅನ್ನ ಸೇರುವುದಿಲ್ಲ, ನಿಶ್ಶಕ್ತಿ ಬಹಳ. ಇಂಥದರಲ್ಲಿ ಏನು ಉಣ್ಣಲು ಕೊಡಬೇಕು, ತಿಳಿಸು. ಡಾಕ್ಟರಾದ ನಿನಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಕಾಂತಾ

•

ಹಿಂದವಾಡಿ, ಬೆಳಗಾವಿ
22 ಸೆಪ್ಟೆಂಬರ್ 1981

ಕಳ್ಳಿ,

ಬೀರಣ್ಣನಿಗೆ ಹೆದರಿ ನನಗೂ ಒಗಟು ಹಾಕಿದೆಯಾ? ಬಿಡಿಸಿದೆ. ಓದಿದ ಕೂಡಲೇ ಆಯಿಗೆ ಹೇಳಿದೆ, ಅವಳು ದೇವರ ಮುಂದೆ ಸಕ್ಕರೆ ಇಟ್ಟಳು. ಮದುವೆಯಾಗಿ ಇಷ್ಟು ವರ್ಷ ನೀನು ಯಾರಿಗೂ ಹೇಳದೆ ಎಷ್ಟು ಕಾದಿದ್ದೀ ಎಂದು ನನಗೊಬ್ಬಳಿಗೆ ಗೊತ್ತು.

ಮೊದಲ ತಿಂಗಳುಗಳಲ್ಲಿ ಅನ್ನ ಸೇರದಿರುವುದು ಸಹಜ. ಬೆಳಿಗ್ಗೆ ಎದ್ದ ಕೂಡಲೇ ಒಣ ರೊಟ್ಟಿಯ ಚೂರು ತಿನ್ನು. ಹಾಲು, ತುಪ್ಪ, ಬಾಳೆಹಣ್ಣು, ಸೊಪ್ಪು, ಏನು ಬೇಕೆನ್ನಿಸುತ್ತದೋ ಅದು. ಬಿಂದಿಗೆ ಎತ್ತಬೇಡ. ಮುಖ್ಯವಾಗಿ, ಈ ಅಮಾವಾಸ್ಯೆಗೆ ಅತ್ತೆಯ ಕಾಯಿದೆಗೆ ಮಣಿದು ಔಡಲೆಣ್ಣೆ ಕುಡಿದೆಯೋ, ನಾನೇ ಖಾನಾಪುರಕ್ಕೆ ಬಂದು ಇಬ್ಬರನ್ನೂ ವಿಚಾರಿಸಿಕೊಳ್ಳುತ್ತೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ನಿನ್ನ ಕಾಲ ಬಂದಿದೆ, ಕಾಲ ಮೇಲೆ ಕಾಲು ಹಾಕಿ ಕುಳಿತುಕೊ.

ಕುಮುದಿನಿ

•

ಖಾನಾಪುರ
27 ಸೆಪ್ಟೆಂಬರ್ 1981

ಕುಮುದಿನಿ,

ನನಗೆ ಯಾವ ವಿಶೇಷವೂ ಇಲ್ಲ. ನಿನ್ನ ಪತ್ರವನ್ನು ಎರಡನೆಯ ಸಲ ಓದಲಿಲ್ಲ. ಆಯಿಗೆ ತಿಳಿಸಿಬಿಡು.

ಕಾರ್ಡಿನಲ್ಲಿ ಬರೆದದ್ದು ಅತ್ತೆಯ ವಿಷಯ. ಹೆಂಗಸಿನ ಹೊಟ್ಟೆ ಕೆಟ್ಟ ಸುದ್ದಿಯನ್ನು ತೆರೆದ ಕಾರ್ಡಿನಲ್ಲಿ ಬರೆದರೆ ಓಣಿಗೆಲ್ಲ ಗೊತ್ತಾಗುತ್ತದೆ, ಅತ್ತೆಗೆ ಅಪಮಾನವೆಂದು ಮುಚ್ಚಿಟ್ಟು ಬರೆದೆ. ನೀನು ತಿಳಿದುಕೊಳ್ಳುತ್ತೀ ಎಂದುಕೊಂಡಿದ್ದೆ. ಈಗ ಬಿಡಿಸಿಯೇ ಬರೆಯುತ್ತೇನೆ. ಗುಳಿಗೆ ಮುಗಿದ ಮೇಲೂ ಹೊಟ್ಟೆ ನಿಂತಿಲ್ಲ. ಮೊದಲು ನೀರು, ಈಗ ಲೋಳೆ, ನಿನ್ನೆಯಿಂದ ರಕ್ತದ ಎಳೆ. ಜ್ವರವಿದೆ. ಹಿತ್ತಲಿಗೆ ಹೋಗಲು ನನ್ನ ಹೆಗಲು ಹಿಡಿಯುತ್ತಾರೆ, ಬರುವಾಗ ಎತ್ತಿಕೊಂಡೇ ಬರಬೇಕು. ಮೊದಲ ದಿನಗಳಲ್ಲಿ ಅತ್ತೆ ಖುಷಿಯಲ್ಲಿದ್ದರು, ನಾನೂ ಅವರ ಮಾತು ನಂಬಿ ಸುಮ್ಮನಿದ್ದೆ. ಆಮೇಲೆ ಇಲ್ಲಿಯ ಬಾಜಾರದ ಡಾಕ್ಟರನ್ನು ಕರೆಸಿದೆವು. ಅವರು ಇನ್ನೊಂದು ಬಗೆಯ ಕ್ಯಾಪ್ಸೂಲ್ ಕೊಟ್ಟು, ಹೊಟ್ಟೆ ಕಟ್ಟುವ ಗುಳಿಗೆಯನ್ನೂ ಕೊಟ್ಟರು. ಹೊಟ್ಟೆ ಕಟ್ಟಿತು ನಿಜ, ಆದರೆ ಈಗ ಉಬ್ಬಿ ಬಿಗಿದುಕೊಂಡಿದೆ, ಮುಟ್ಟಿದರೆ ಚೀರುತ್ತಾರೆ.

ಈ ಪತ್ರವನ್ನು ಇವರ ಸ್ನೇಹಿತ ಗಾರ್ಡ್ ಗುರುಪುತ್ರಪ್ಪನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಉತ್ತರವನ್ನೂ ಅವರ ಕೈಯಲ್ಲೇ ಕೊಡು. ನನಗೆ ಭಯವಾಗಿದೆ.

ಕಾಂತಾ

•

ಬೆಳಗಾವಿ
27 ಸೆಪ್ಟೆಂಬರ್, ಸಂಜೆ

ಕಾಂತಾ,

ಬಾಜಾರದ ಡಾಕ್ಟರ ಎರಡೂ ಔಷಧ ಈ ಕ್ಷಣ ನಿಲ್ಲಿಸು. ಹೊಟ್ಟೆ ಕಟ್ಟುವ ಗುಳಿಗೆ ಮೊದಲು. ಪತ್ರದ ಜೊತೆಗಿನ ಪೊಟ್ಟಣದಲ್ಲಿ ಬೇರೆ ಗುಳಿಗೆಗಳಿವೆ, ಆಮಶಂಕೆಗೆ ಕೊಡುವಂಥವು, ಬಾಯಿ ಕಹಿಯಾಗುತ್ತದೆ. ಅವನ್ನಷ್ಟೇ ಕೊಡು. ಕುದಿಸಿ ಆರಿಸಿದ ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರು. ಗಂಜಿ ಕೊಡು. ನಾಳೆ ಬೆಳಗಿನ ಗಾಡಿಗೆ ಬರುತ್ತೇನೆ.

ಹಿಂದಿನ ಪತ್ರಕ್ಕೆ ಏನು ಹೇಳಲಿ, ಮುಖ ತೋರಿಸಲು ನಾಚಿಕೆಯಾಗುತ್ತಿದೆ. ಆದರೂ ಬರುತ್ತೇನೆ.

ಕುಮುದಿನಿ

•

ಹಿಂದವಾಡಿ, ಬೆಳಗಾವಿ
6 ಅಕ್ಟೋಬರ್ 1981

ಕಾಂತಾ,

ಗುರುಪುತ್ರಪ್ಪನವರು ನಿನ್ನೆ ದವಾಖಾನೆಗೆ ಬಂದು ಹೇಳಿಹೋದರು. ಜ್ವರ ಇಳಿದಿದೆಯಂತೆ, ಹೊಟ್ಟೆ ಮೆತ್ತಗಾಗಿದೆಯಂತೆ. ಆ ಎರಡು ಮಾತು ಕೇಳಿ ನಾನು ಊಟ ಮಾಡಿದೆ.

ಅಂದು ನಿಮ್ಮ ಮನೆಯಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಕಾಶವ್ವನವರಿಗೆ ಬಂದದ್ದು ಹಲ್ಲಿನ ಬೇನೆಗೆ ನಾನು ಕೊಟ್ಟ ಲಿಂಕೋಮೈಸಿನ್‌ನಿಂದಲೇ. ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕುಳಿತು ಹೊರದೇಶದ ಪತ್ರಿಕೆಗಳನ್ನು ತಿರುವಿದೆ. ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬಗೆಯ ಸೂಕ್ಷ್ಮಜೀವಿಗಳು ಇರುತ್ತವೆ, ಹೆಚ್ಚಿನವು ಪಾಪದವು, ಉಪಕಾರಿಗಳು. ಗಲ್ಲದ ಕೀವಿಗೆಂದು ಕೊಟ್ಟ ಔಷಧ ಕರುಳಿಗೂ ಹೋಗಿ ಅವನ್ನೂ ಕೊಲ್ಲುತ್ತದೆ. ಕಸ ಕೀಳಲು ಹೋಗಿ ಜೋಳವನ್ನೂ ಕಿತ್ತ ಹೊಲದಂತೆ ಜಾಗ ಬಯಲಾಗುತ್ತದೆ. ಆಗ ಆ ಔಷಧಕ್ಕೆ ಸಾಯದ ಒಂದೇ ಒಂದು ಜಾತಿ ಬೆಳೆದು ಇಡೀ ಕರುಳನ್ನು ಹಿಡಿದುಕೊಂಡು ವಿಷ ಕಾರುತ್ತದೆ. ಆ ಜಾತಿಯೇ ಕಾರಣವೆಂದು ಗೊತ್ತಾಗಿ ಮೂರೋ ನಾಲ್ಕೋ ವರ್ಷವಾಗಿದೆಯಷ್ಟೆ. ಹೊಟ್ಟೆ ಕಟ್ಟಿಸಿದರೆ ವಿಷ ಒಳಗೇ ಉಳಿಯುತ್ತದೆ. ಇನ್ನೊಂದು ಕ್ಯಾಪ್ಸೂಲ್ ಕೊಟ್ಟರೆ ಬಯಲು ಇನ್ನಷ್ಟು ಬಯಲು. ಇದನ್ನು ಖಚಿತ ಮಾಡುವ ಪರೀಕ್ಷೆ ಬೆಳಗಾವಿಯಲ್ಲಿಲ್ಲ. ನಿಮ್ಮ ಮನೆಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದೆನಲ್ಲ, ಅದೆಲ್ಲ ಅಂದಾಜು.

ರೋಗಿ ಬಯಸಿದ್ದೂ ವೈದ್ಯ ಹೇಳಿದ್ದೂ ಒಂದೇ ಎಂದು ನಕ್ಕಿದ್ದೆ. ಇಬ್ಬರೂ ಕೂಡಿಯೇ ತಪ್ಪಿದೆವು.

ಒಂದು ಮಾತು. ಅತ್ತೆಗೆ ಇದನ್ನೆಲ್ಲ ಹೇಳಲು ಹೋಗಬೇಡ. ಕರುಳಿಗೆ ಬಾವು ಬಂದಿತ್ತು, ಇಳಿಯಿತು ಎಂದಷ್ಟೇ ಅಂದಿದ್ದೇನೆ. ವಯಸ್ಸಾದವರು, ಔಷಧದ ಮೇಲಿನ ನಂಬಿಕೆ ಹೋದರೆ ನಾಳೆ ಬೇಕಾದದ್ದನ್ನೂ ನುಂಗಲಾರರು.

ಇನ್ನೊಂದು ಮಾತು, ಕೇಳಲೋ ಬೇಡವೋ ಎಂದು ತಡೆದಿದ್ದೆ. ನಾನು ಬಂದದ್ದು ಮಹಾನವಮಿ ಅಮಾವಾಸ್ಯೆಯ ದಿನ. ನೀನು ನನಗೆ ಒಂದು ತುಂಡು ಹೋಳಿಗೆಯನ್ನೂ ಕೊಡಲಿಲ್ಲ, ಕುಳಿತುಕೊ ಎನ್ನಲಿಲ್ಲ. ಮುಂದಿನ ಗಾಡಿ ಯಾವಾಗ ಎಂದು ನೀನೇ ಹೇಳಿದೆ. ನನ್ನ ಮೇಲೆ ಸಿಟ್ಟಿದ್ದರೆ ಅದು ನ್ಯಾಯವೇ. ಆದರೆ ಬರೆದು ಹೇಳು.

ಕುಮುದಿನಿ

•

ಖಾನಾಪುರ
16 ಅಕ್ಟೋಬರ್ 1981

ಕುಮುದಿನಿ,

ಅತ್ತೆ ಆರಾಮಾಗಿದ್ದಾರೆ. ನಿನ್ನೆ ಬಾಗಿಲವರೆಗೆ ನಡೆದುಬಂದು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಇಷ್ಟು ದಿನ ಕಾಯಿಲೆಯಲ್ಲಿಯೂ ಎಲೆಯಡಿಕೆಯ ಚಂಚಿ ಸೊಂಟದಿಂದ ಬಿಚ್ಚಿರಲಿಲ್ಲ. ಅದರೊಳಗೆ ಎಷ್ಟು ಕಿಸೆಗಳಿವೆಯೋ ಮಗನಿಗೂ ಗೊತ್ತಿಲ್ಲ. ಮೈ ಒರೆಸುವಾಗ ಪಕ್ಕಕ್ಕೆ ಇಡಹೋದರೆ, "ಅದಕ್ಕ ಕೈ ಹಚ್ಚಬ್ಯಾಡ" ಎಂದು ಗದರಿದರು. ಗದರುವಷ್ಟು ಶಕ್ತಿ ಬಂತಲ್ಲ ಎಂದು ನನಗೆ ಸಮಾಧಾನ.

ನೀನು ಹೇಳಿದಂತೆ ಅವರಿಗೆ ಏನೂ ತಿಳಿಸಿಲ್ಲ.

ಹೋಳಿಗೆಯ ವಿಷಯ ಬಿಡು. ಅಂದು ನಮ್ಮ ಮನೆಯಲ್ಲಿ ಹೋಳಿಗೆ ಆಗಿರಲೇ ಇಲ್ಲ.

ಕಾಂತಾ

•

ಖಾನಾಪುರ
31 ಅಕ್ಟೋಬರ್ 1981

ಕುಮುದಿನಿ,

ದೀಪಾವಳಿ ಅಮಾವಾಸ್ಯೆಯವರೆಗೆ ಚೆನ್ನಾಗಿದ್ದ ಅತ್ತೆಗೆ ಹಬ್ಬದೊಳಗೇ ಮತ್ತೆ ಶುರುವಾಗಿದೆ. ಅದೇ ನೀರು, ಅದೇ ಲೋಳೆ. ಎಣ್ಣೆಯ ಪದಾರ್ಥ ಕೊಟ್ಟಿಲ್ಲ, ಔಡಲೆಣ್ಣೆಯ ಬಾಟಲಿಯನ್ನು ನಾನೇ ಬಚ್ಚಿಟ್ಟಿದ್ದೇನೆ. ಬಾಜಾರದ ಡಾಕ್ಟರನ್ನು ಕರೆಸಿಲ್ಲ. ನೀರು ಕುದಿಸಿಯೇ ಕೊಡುತ್ತಿದ್ದೇನೆ. ನಾನು ಎಲ್ಲಿ ತಪ್ಪಿದೆನೋ ತಿಳಿಯುತ್ತಿಲ್ಲ. ಕಹಿ ಗುಳಿಗೆಗಳು ಉಳಿದಿದ್ದವು, ಶುರು ಮಾಡಲೇ?

ಕಾಂತಾ

•

ಬೆಳಗಾವಿ
2 ನವೆಂಬರ್ 1981

ಕಾಂತಾ,

ಶುರು ಮಾಡು. ಇನ್ನಷ್ಟು ಗುಳಿಗೆಗಳನ್ನು ಕಳಿಸಿದ್ದೇನೆ. ನೀನು ಎಲ್ಲಿಯೂ ತಪ್ಪಿಲ್ಲ. ಈ ಬೇನೆ ವಾಸಿಯಾದಂತೆ ತೋರಿ ತಿರುಗಿ ಬರುವುದುಂಟು ಎಂದು ಓದಿದ್ದೇನೆ. ಬೀಜ ನೆಲದಲ್ಲಿ ಉಳಿದಿರುತ್ತದೆ. ಈ ಸಲ ಹೆಚ್ಚು ದಿನ ಕೊಡೋಣ. ಮಜ್ಜಿಗೆ ಕುಡಿಯುತ್ತೇನೆಂದರೆ ಕುಡಿಯಲಿ, ಪಥ್ಯದ ಹೆಸರಿನಲ್ಲಿ ಉಪವಾಸವಿರಿಸಬೇಡ.

ನಿನ್ನ ಪತ್ರಗಳು ಈಗೀಗ ರೋಗಿಯ ಚೀಟಿಯಂತೆ ಇರುತ್ತವೆ. ನಿನ್ನ ವಿಷಯ ಒಂದು ಸಾಲೂ ಇಲ್ಲ. ಸಿಟ್ಟು ಇನ್ನೂ ಇಳಿದಿಲ್ಲವೆಂದು ತಿಳಿದುಕೊಳ್ಳಲೇ?

ಕುಮುದಿನಿ

•

ಖಾನಾಪುರ
29 ನವೆಂಬರ್ 1981

ಕುಮುದಿನಿ,

ಹದಿನೈದು ದಿನ ನೆಟ್ಟಗಿದ್ದವರು ಮತ್ತೆ ಮಲಗಿದ್ದಾರೆ. ಈ ಸಲ ಎರಡೇ ದಿನಕ್ಕೆ ಕಣ್ಣುಗಳು ಒಳಗೆ ಹೋಗಿವೆ. ನಾಳೆ ಇವರು ಅತ್ತೆಯನ್ನು ನಿಮ್ಮ ಆಸ್ಪತ್ರೆಗೆ ಕರೆತರುತ್ತಾರೆ. ನಾನು ಬರುತ್ತಿಲ್ಲ. "ನೀ ಬರೂದು ಬ್ಯಾಡ. ಸಾಲಿ ಐತೆಲ್ಲ ನಿಂದು" ಎಂದು ಇವರೇ ಅಂದರು. ರಜೆ ಸಿಗುತ್ತದೆ ಎಂದೆ. "ಬ್ಯಾಡ ಅಂದ್ನಿ" ಎಂದರು. ಅತ್ತೆಗೆ ಗಂಜಿ ಕುಡಿಸಲು ಸಂಗವ್ವನ ಮಗಳನ್ನು ಕರೆದುಕೊಂಡು ಬರುತ್ತಿದ್ದಾರೆ.

ಈ ಮನೆಯಲ್ಲಿ ನಾನು ಕುದಿಸಿದ ಗಂಜಿ ಎರಡು ದಿನದಿಂದ ಹಾಗೆಯೇ ಉಳಿಯುತ್ತಿದೆ. ನಿನಗೆ ನನ್ನ ವಿಷಯ ಒಂದು ಸಾಲು ಬೇಕಿತ್ತಲ್ಲ, ಇದೇ ಅದು.

ಅವರನ್ನು ಉಳಿಸು. ನನಗಾಗಿಯೂ ಉಳಿಸು. ಅವರು ಹೋದರೆ ನಾನು ಈ ಮನೆಯಲ್ಲಿ ಹೇಗೆ ಇರಲಿ?

ಕಾಂತಾ

•

ಬೆಳಗಾವಿ
2 ಡಿಸೆಂಬರ್ 1981

ಕಾಂತಾ,

ಮೊದಲು ಸುದ್ದಿ: ಬದುಕುತ್ತಾರೆ. ಬಂದ ದಿನ ನಾಡಿ ಸಿಗುತ್ತಿರಲಿಲ್ಲ. ಸಲಾಯಿನ್ ಹಚ್ಚಿದೆವು. ಇಂದು ಬೆಳಿಗ್ಗೆ ಕಣ್ಣು ತೆರೆದು, "ಇಲ್ಲಿ ಚಾ ಛಲೋ ಇಲ್ಲ" ಎಂದರು.

ಈಗ ನೀನು ಕುಳಿತುಕೊಂಡು ಓದಬೇಕಾದದ್ದು. ವಾರ್ಡಿನ ಆಯಾ ಮೈ ಒರೆಸಲು ಬಂದು ಚಂಚಿ ಬಿಚ್ಚಲು ಹೋದಳು. ಕಾಶವ್ವನವರು ಸಲಾಯಿನ್ ಹಚ್ಚಿದ ಕೈಯಿಂದಲೇ ಹಿಡಿದುಕೊಂಡರು. ಎಳೆದಾಟದಲ್ಲಿ ಚಂಚಿ ಹಾಸಿಗೆಯ ಮೇಲೆ ಸುರಿಯಿತು. ಅಡಿಕೆಯ ಹೋಳುಗಳ ನಡುವೆ ನನ್ನ ಎರಡು ಬಣ್ಣದ ಕ್ಯಾಪ್ಸೂಲುಗಳು ಬಿದ್ದಿದ್ದವು. ನಾನು ಅಲ್ಲೇ ಮಂಚದ ಬಾಜು ಇದ್ದೆ.

"ಕಾಶವ್ವಾರ, ಇವು ಎಲ್ಲಿಂದ ಬಂದುವ್ರಿ?"

"ನೀವ ಕೊಟ್ಟಿದ್ರೆಲ್ಲಾ. ಮರತ್ರೇನ?"

"ಅವು ಹಿಂದ ಮುಗದಿದ್ವಲ್ರಿ!"

"ಮುಗದ್ವು ಅಂತ ಸೊಸೀಗೆ ಹೇಳಿದ್ನಿ. ಮೊದಮೊದಲ ಎದರಿಗೆ ನಿಂತ ನುಂಗಸ್ತಿದ್ಲು. ಆಮ್ಯಾಲ ನನ್ನ ಕೈಯಾಗ ಕೊಟ್ಟ ಸಾಲಿಗಿ ಹೋಗ್ತಿದ್ಲು. ಇಂಥಾ ಔಷಧ ಒಮ್ಮಿಗೇ ತಿಂದು ತೀರಸ್ತಾರೇನ್ರಿ? ಅಮಾಸಿಗೆ ಇರ್ಲಿ ಅಂತ ತಗದ ಇಟ್ನಿ."

"ಅಮಾಸಿಗೆ?"

"ಹೋಳಿಗಿ ಉಂಡ ಮರದಿನಾ ಹೊಟ್ಟಿ ತೊಳೀಬೇಕಲ್ರಿ. ಎಣ್ಣಿ ಬಾಟ್ಲಿ ಸೊಸಿ ಮುಚ್ಚಿಟ್ಟಾಳ. ಎಣ್ಣಿ ಯಾಕ ಬೇಕು? ಮುಂಜಾನೆ ಎರಡ, ಸಂಜೀಕ ಎರಡ ನುಂಗಿದ್ರ ಹೊಟ್ಟ್ಯಾಗಿಂದೆಲ್ಲಾ ಸ್ವಚ್ಛ. ಈ ಸರ್ತಿ ಯಾಕೋ ಜರಾ ಜಾಸ್ತಿ ಆತು."

ದೀಪಾವಳಿ ಅಮಾವಾಸ್ಯೆಯ ಮರುದಿನ ಒಮ್ಮೆ. ಮುಂದಿನ ತಿಂಗಳ ಛಟ್ಟಿ ಅಮಾವಾಸ್ಯೆಯ ಮರುದಿನ ಇನ್ನೊಮ್ಮೆ. ಬೇನೆ ತಾನಾಗಿ ತಿರುಗಿ ಬಂದಿರಲಿಲ್ಲ, ಅವರೇ ಕರೆದು ತಂದಿದ್ದರು. ಅದೂ ಎಷ್ಟು ಹೆಮ್ಮೆಯಿಂದ ಹೇಳಿದರೆಂದರೆ ನನಗೆ ಗದರಲೂ ಬಾಯಿ ಬರಲಿಲ್ಲ. ಅವರನ್ನು ಏನೆಂದು ಗದರಲಿ? ಆ ಗುಳಿಗೆಯೇ ಬೇನೆಗೆ ಕಾರಣವೆಂದು ನಿನಗೆ ಹೇಳಿದೆ, ಇಲ್ಲಿಯ ಡಾಕ್ಟರುಗಳಿಗೆಲ್ಲ ಹೇಳಿದೆ. ನುಂಗುವ ಮನುಷ್ಯಳಿಗೆ ಮಾತ್ರ ಹೇಳಬೇಡ ಎಂದು ನಾನೇ ನಿನಗೆ ಬರೆದಿದ್ದೆ.

ನಿನ್ನ ಗಂಡ ತಮ್ಮಣ್ಣನವರು ಆಗ ಔಷಧ ತರಲು ಹೊರಗೆ ಹೋಗಿದ್ದರು. ಅವರಿಗೆ ಗೊತ್ತಿಲ್ಲ. ಗಂಜಿಯ ಸಾಲು ಓದಿದ ಮೇಲೆ ನಿಮ್ಮ ಮನೆಯಲ್ಲಿ ಏನು ನಡೆದಿದೆಯೆಂದು ನನಗೆ ಅರ್ಥವಾಗಿದೆ. ನೀನು ಹೂಂ ಎಂದರೆ ಇವತ್ತೇ ಅವರನ್ನು ಕೂಡಿಸಿ, ಕ್ಯಾಪ್ಸೂಲುಗಳನ್ನು ಕೈಯಲ್ಲಿಟ್ಟು ಹೇಳುತ್ತೇನೆ. ಹೇಳಲೇ?

ಕುಮುದಿನಿ

•

ಖಾನಾಪುರ
5 ಡಿಸೆಂಬರ್ 1981

ಕುಮುದಿನಿ,

ಬದುಕುತ್ತಾರೆ ಎಂಬ ಮಾತು ಓದಿ ಅತ್ತುಬಿಟ್ಟೆ. ಮುಂದಿನದನ್ನು ಓದಿ ಮೈ ಉರಿಯಿತು. ಅವರ ಹೊಲಸು ಬಳಿದೆ, ಸೀರೆ ಒಗೆದೆ, ನಾನೇ ಏನೋ ತಪ್ಪಿದೆನೆಂದು ಹಗಲೆಲ್ಲ ಕುದಿಸಿದ ನೀರನ್ನೇ ಮತ್ತೆ ಕುದಿಸಿದೆ. ಸಂಗವ್ವ ಕಟ್ಟೆಯ ಮೇಲೆ ಕುಳಿತು, "ಸೊಸೀ ಕೈಯಾಗಿನ ಔಷಧ ಅಂದ್ರ ಹಂಗ ನೋಡವ್ವ, ಕಾಶವ್ವ ಕಡ್ಡಿ ಆದ್ಲು" ಎಂದು ನನಗೆ ಕೇಳುವಂತೆಯೇ ಅಂದಳು. ಇವರು ಕೇಳಿಯೂ ಸುಮ್ಮನೆ ಒಳಗೆ ಬಂದರು. ಅತ್ತೆಯೂ ಒಳಗೇ ಮಲಗಿದ್ದರು, ಅವರಿಗೂ ಕೇಳಿರಬೇಕು. ಅಷ್ಟೆಲ್ಲ ನಡೆಯುವಾಗ ಆ ಚಂಚಿ ಅವರ ಸೊಂಟದಲ್ಲೇ ಇತ್ತಲ್ಲ! ಡಂಗುರ ಹೊಡೆಸಿ ಹೇಳು ಎಂದು ಬರೆಯಲು ಕುಳಿತೆ. ಎರಡು ಕಾಗದ ಹರಿದು ಹಾಕಿದೆ.

ಹೇಳಬೇಡ. ನಾನು ದೊಡ್ಡವಳೆಂದಲ್ಲ. ನಿನ್ನ ಬಾಯಿಂದ ಕೇಳಿದರೆ ಇವರು, ಗೆಳತಿಯರಿಬ್ಬರೂ ಕೂಡಿ ಮುದುಕಿಯ ತಲೆಗೆ ಕಟ್ಟಿದರು ಎನ್ನುತ್ತಾರೆ. ಹೇಳಿದರೆ ಅತ್ತೆಯೇ ಹೇಳಬೇಕು. ಹೇಳದಿದ್ದರೆ ಹೋಗಲಿ. ಮೊದಲು ಗುಣವಾಗಲಿ. ಆದರೆ ಅವರಿಗೆ ಮಾತ್ರ ಈ ಸಲ ಏನನ್ನೂ ಮುಚ್ಚದೆ ಎಲ್ಲ ಹೇಳು.

ನಿನ್ನ ಹೋಳಿಗೆಯ ಪ್ರಶ್ನೆಗೂ ಉತ್ತರ ಕೊಡುತ್ತೇನೆ. ಅಂದು ಸಂಗವ್ವ ಬಾಗಿಲಲ್ಲಿ ಕುಳಿತು, "ಇಕೀನಾ ಗುಳಿಗಿ ಕೊಟ್ಟಾಕಿ?" ಎಂದು ಕೇಳಿದ್ದಳು. ನಾನು, "ಡಾಕ್ಟರಬಾಯಿ ಸಾದಾ ಗುಳಿಗಿ ಕೊಡಾಕ ಹತ್ತಿದ್ರು, ಸಾಲಿ ರಜಾ ಇಲ್ಲ, ಲಗೂ ಆರಾಮ ಆಗ್ಲಿ ಅಂತ ಜೋರಿಂದು ನಾನ ಕೇಳಿದ್ನಿ" ಎಂದೆ. ಇವರೂ ಅಲ್ಲೇ ಇದ್ದರು. ನಿನ್ನ ಹೆಸರು ಕೆಡಬಾರದು ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಆಮೇಲೆ ನಿನ್ನನ್ನು ಹೆಚ್ಚು ಹೊತ್ತು ಕೂಡಿಸಿಕೊಂಡಿದ್ದರೆ ಅವಳು ಒಳಗೇ ಬಂದು ನಿನ್ನನ್ನೇ ಕೇಳುತ್ತಿದ್ದಳು. ಅದಕ್ಕೇ ಗಾಡಿಯ ಹೊತ್ತು ಹೇಳಿದ್ದು. ನನಗೆ ನಿನ್ನ ಮೇಲೆ ಎಂದೂ ಸಿಟ್ಟಿರಲಿಲ್ಲ. ಆ ಅಭಿನಂದನೆಯ ಪತ್ರದ ಮೇಲೆ ಇತ್ತು, ಅದೂ ಹೋಗಿದೆ.

ಕಾಂತಾ

•

ಹಿಂದವಾಡಿ, ಬೆಳಗಾವಿ
13 ಡಿಸೆಂಬರ್ 1981

ಕಾಂತಾ,

ಎರಡು ತಿಂಗಳು ನಿನ್ನ ಸಿಟ್ಟನ್ನು ಅಳೆಯುತ್ತಾ ಕುಳಿತಿದ್ದೆ. ನೀನು ನನ್ನ ತಪ್ಪನ್ನು ಹೊತ್ತುಕೊಂಡು ಓಣಿಯಲ್ಲಿ ತಿರುಗುತ್ತಿದ್ದೆ. ಇಂಥ ಹುಚ್ಚಿಯನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ಇದಕ್ಕಿಂತ ಹೆಚ್ಚು ಬರೆದರೆ ಅಳು ಬರುತ್ತದೆ, ಬಿಡುತ್ತೇನೆ.

ನಾಳೆ ಕಾಶವ್ವನವರನ್ನು ಮನೆಗೆ ಬಿಡುತ್ತೇವೆ. ನಿನ್ನೆ ಅವರ ಹತ್ತಿರ ಕುಳಿತು ಎಲ್ಲ ಹೇಳಿದೆ. ಹೊಲದ ಮಾತು ತೆಗೆದೆ, ಕಸದ ಮಾತು ತೆಗೆದೆ. ಕೊನೆಗೆ, "ಅದು ಹೊಟ್ಟಿ ತೊಳೀಲಿಲ್ಲೇನ್ರಿ ಹಂಗಾರ?" ಎಂದರು.

"ಇಲ್ರಿ. ಸುಡ್ತು."

"ನೀವ ಕೊಟ್ಟಿದ್ರಿ."

"ಹೌದ್ರಿ, ನಾನ ಕೊಟ್ಟಿದ್ನಿ. ನಂದ ತಪ್ಪು. ನಿಮಗ ಹೇಳಲಿಲ್ಲ, ಅದು ಇನ್ನೂ ದೊಡ್ಡ ತಪ್ಪು."

ಬಹಳ ಹೊತ್ತು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಆಮೇಲೆ ಚಂಚಿ ಬಿಚ್ಚಿ ಉಳಿದ ಕ್ಯಾಪ್ಸೂಲುಗಳನ್ನು ನನ್ನ ಕೈಗೆ ಹಾಕಿದರು. "ಸೊಸೀಗೆ ಗೊತ್ತೈತೇನ್ರಿ, ನಾ ಇಟ್ಟಿದ್ದು?" ಎಂದು ಕೇಳಿದರು. ಗೊತ್ತಿದೆ ಎಂದೆ. "ತಮ್ಮಣ್ಣಗ?" ಇಲ್ಲ, ಹೇಳಬೇಡ ಅಂತ ಸೊಸೆಯೇ ಬರೆದಿದ್ದಾಳೆ ಎಂದೆ. ಮತ್ತೆ ಗೋಡೆಯ ಕಡೆ ತಿರುಗಿದರು. ನಿಮ್ಮ ಮನೆಯಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ.

ಇನ್ನು ಮುಂದೆ ಯಾವ ಡಾಕ್ಟರು ಏನೇ ಕೊಟ್ಟರೂ ಈ ಕಥೆ ಮೊದಲು ಹೇಳಿ ಆಮೇಲೆ ಔಷಧ ತೆಗೆದುಕೊಳ್ಳಲಿ.

ಕುಮುದಿನಿ

•

ಖಾನಾಪುರ
26 ಜನವರಿ 1982

ಕುಮುದಿನಿ,

ಪತ್ರ ತಡವಾಯಿತು. ಬೇಕೆಂದೇ ತಡಮಾಡಿದೆ. ನಿನ್ನೆಯ ಅಮಾವಾಸ್ಯೆ ದಾಟಲಿ, ಆಮೇಲೆ ಬರೆಯೋಣ ಎಂದುಕೊಂಡಿದ್ದೆ.

ಅತ್ತೆ ಆಸ್ಪತ್ರೆಯಿಂದ ಬಂದ ಮೇಲೆ ನನ್ನೊಡನೆ ಬೇಕಾದಷ್ಟೇ ಮಾತು. ಗಂಜಿ ಮಾತ್ರ ನನ್ನ ಕೈಯಿಂದಲೇ ಕುಡಿದರು. ಎಳ್ಳ ಅಮಾವಾಸ್ಯೆಗೆ ಇವರ ಚಿಕ್ಕಪ್ಪನ ಹೊಲಕ್ಕೆ, ಬೆಳೆಗೆ ಎಡೆಯ ಚರಗ ಚೆಲ್ಲಲು ಹೋಗಿದ್ದೆವು. ಓಣಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಊಟಕ್ಕೆ ಕುಳಿತಾಗ ಸಂಗವ್ವ ಅತ್ತೆಯ ಮುಂದೆ ಸಜ್ಜೆ ರೊಟ್ಟಿ ಇಡುತ್ತಾ, "ತಿನ್ನವ್ವ, ಇದು ನನ್ನ ಕೈಯಾಗಿಂದು, ಅಂಜಬ್ಯಾಡ" ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ಇವರು ಕೆಳಗೆ ನೋಡಿದರು.

ಅತ್ತೆ ರೊಟ್ಟಿ ಮುರಿದುಕೊಂಡರು. ಅವಸರವಿಲ್ಲದೆ ಹೇಳಿದರು. "ಸಂಗವ್ವಾ, ನನ್ನ ಸೊಸಿ ನನಗ ಕೊಟ್ಟಿದ್ದು ಗಂಜಿ. ಗುಳಿಗಿ ನುಂಗಿದ್ದು ನಾನು. ನನ್ನ ಚಂಚ್ಯಾಗ ಮುಚ್ಚಿಟ್ಟು, ಅಮಾಸಿಗೊಮ್ಮೆ ನನ್ನ ಕೈಲೇ ನುಂಗೀನಿ. ಹೊಟ್ಟಿ ತೊಳೀತೈತಿ ಅಂದಕೊಂಡಿದ್ನಿ, ಸಾಯಾಕ ಹತ್ತಿದ್ನಿ. ಅಕೀಗೆ ಗೊತ್ತಾದ ಮ್ಯಾಲೂ ಬಾಯಿ ಬಿಡಲಿಲ್ಲ. ಉಳದಿದ್ರ ನಿನಗೂ ಎರಡ ಕೊಡತಿದ್ನಿ." ಆಮೇಲೆ ಮಗನ ಕಡೆ ತಿರುಗಿ, "ತಮ್ಮಣ್ಣಾ, ಕೇಳಿಸ್ತೇನ? ಉಣ್ಣು" ಎಂದರು.

ಇವರು ಉಣ್ಣಲಿಲ್ಲ. ಎದ್ದು ಬಾವಿಯ ಕಡೆ ಹೋದರು. ಸಂಜೆ ಗಾಡಿ ಹೂಡುವಾಗ ನನ್ನ ಕೈಯಲ್ಲಿದ್ದ ಬುತ್ತಿಯ ಬುಟ್ಟಿ ತೆಗೆದುಕೊಂಡು, "ತಪ್ಪಾತು" ಎಂದರು. ಅಷ್ಟೇ ಅಂದರು. ಗಾಡಿಯಲ್ಲಿ ಕುಳಿತು ನಾನು ಅತ್ತಿದ್ದನ್ನು ಕತ್ತಲಾಗಿದ್ದರಿಂದ ಯಾರೂ ನೋಡಲಿಲ್ಲ.

ನಿನ್ನೆ ಹೋಳಿಗೆಯಾಗಿತ್ತು. ಇವತ್ತು ಬೆಳಿಗ್ಗೆ ಶಾಲೆಗೆ ಧ್ವಜಾರೋಹಣಕ್ಕೆಂದು ಬೇಗ ಎದ್ದು ಸೀರೆ ಉಡುತ್ತಿದ್ದೆ. ಅತ್ತೆ ಲಿಂಗಪೂಜೆ ಮುಗಿಸಿ ನನ್ನ ಕೋಣೆಗೆ ಬಂದರು, ಆ ಹೊತ್ತಿಗೆ ಎಂದೂ ಬಂದವರಲ್ಲ. ನೆಲಕ್ಕೆ ಕುಳಿತು ಸೊಂಟದಿಂದ ಚಂಚಿ ಬಿಚ್ಚಿ ನನ್ನ ಕಾಲ ಹತ್ತಿರ ಸುರಿದರು.

"ನೋಡ್ಕೊ."

"ಬ್ಯಾಡ ಬಿಡ್ರಿ ಅತ್ತಿ."

"ನೋಡ್ಕೊ ಅಂದ್ನೆಲ್ಲ. ಇವತ್ತ ಮರದಿನಾ ಐತಿ. ನನ್ನ ಮ್ಯಾಲ ನನಗ ಭರೋಸಾ ಇಲ್ಲ."

ನಾನೂ ಕುಳಿತೆ. ಬಾಡಿದ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದು ಲವಂಗ, ಮಾವನವರ ಅಂಗಿಯ ಗುಂಡಿ. ಒಂದೊಂದೇ ಕಿಸೆಯಲ್ಲಿ ಬೆರಳು ಹಾಕಿ ನೋಡಿದೆ, ಕೊನೆಯದರವರೆಗೂ ನೋಡಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಏನೂ ಇರಲಿಲ್ಲ. ಎಲ್ಲವನ್ನೂ ನಾನೇ ಒಳಗೆ ತುಂಬಿ, ದಾರ ಸುತ್ತಿ, ಅವರ ಸೊಂಟಕ್ಕೆ ಸಿಗಿಸಿದೆ. "ಇನ್ನ ಅಮಾಸಿಗೊಮ್ಮೆ ಹಿಂಗ" ಎಂದು ನನ್ನ ಹೆಗಲು ಹಿಡಿದು ಎದ್ದರು.

ಶಾಲೆ ಮುಟ್ಟುವಷ್ಟರಲ್ಲಿ ಧ್ವಜ ಏರಿಯಾಗಿತ್ತು.

ಕಾಂತಾ